ಉಳವಪ್ಪ ಕೊನೆಗೆ ನೋಡಿದ ಗುಡ್ಡ

ಸಾತಪ್ಪನಿಗೆ ಊರು ನೋಡುವ ಹುಚ್ಚು ಹುಟ್ಟಿನಿಂದ ಬಂದದ್ದಲ್ಲ. ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಕುರಿಗಳ ಬೆನ್ನು ಹತ್ತಿ ತಿರುಗಿ ತಿರುಗಿ ಬೇಸತ್ತಿದ್ದ. ಒಂದು ಕಡೆ ನಿಂತು ದುಡಿದು, ಒಂದು ಕಡೆ ಮಲಗಿ ಏಳುವ ಬದುಕು ಸಿಕ್ಕರೆ ಸಾಕೆಂದು ಹದಿನೆಂಟನೆಯ ವಯಸ್ಸಿಗೆ ಬೆಳಗಾವಿಗೆ ಬಂದ. ಕ್ಯಾಂಪಿನಲ್ಲಿ ಪಲ್ಟನ್ನಿನ ಕುದುರೆಗಳಿಗೆ ಹುಲ್ಲು ಹಾಕುವ ಕೆಲಸ ಸಿಕ್ಕಿತು. ಸಂಜೆ ಬಿಳಿಯ ಸಿಪಾಯಿಗಳ, ಸೋಜರರ, ಬ್ಯಾಂಡು ಬಾರಿಸಲು ತೊಡಗಿದರೆ ಹುಲ್ಲಿನ ಹೊರೆಯ ಮೇಲೆ ಕೂತು ಕೇಳುತ್ತಿದ್ದ. ಅಡವಿಯಲ್ಲಿ ಕೊಳಲು ಊದಿ ಅವನ ಬೆರಳು ಮೊದಲೇ ಪಳಗಿದ್ದವು. ಪಲ್ಟನ್ನಿನ ಬ್ಯಾಂಡಿನಿಂದ ನಿವೃತ್ತರಾಗಿ ಊರಲ್ಲಿ ಮದುವೆಯ ಬ್ಯಾಂಡು ಕಟ್ಟಿದ್ದ ಲಕ್ಷ್ಮಪ್ಪ ಮಾಸ್ತರರು ಇದನ್ನು ಹೇಗೋ ಕಂಡುಕೊಂಡು ಅವನ ಕೈಗೆ ಒಂದು ಹಳೆಯ ಕ್ಲಾರಿನೆಟ್ ಕೊಟ್ಟರು. ಎರಡು ವರ್ಷದಲ್ಲಿ ಅವನು ಬ್ಯಾಂಡಿನ ಮುಂದಿನ ಸಾಲಿಗೆ ಬಂದ.

ಅವನ ಹಿಂದೆ ನಿಂತು ಡ್ರಮ್ಮು ಬಾರಿಸುತ್ತಿದ್ದವನು ವಡಗಾವಿಯ ನೇಕಾರರ ಹುಡುಗ ಉಳವಪ್ಪ. ೧೯೧೮ರ ಇನ್‌ಫ್ಲುಯೆಂಜಾ ಜ್ವರದಲ್ಲಿ ತಂದೆ ತಾಯಿ ಇಬ್ಬರೂ ಹೋದ ಮೇಲೆ ಅಕ್ಕ ಸಾವಂತ್ರವ್ವ ಅವನನ್ನು ತನ್ನ ಮನೆಗೆ ಕರೆತಂದು ಸಾಕಿದ್ದಳು. ಮಗ್ಗದ ಮುಂದೆ ಕೂಡಿಸಿದರೆ ಅವನು ನೂಲು ಹರಿದರೂ ನೋಡದೆ ಬೇರೆ ಬೇರೆ ಲಯದಲ್ಲಿ ಲಾಳಿ ಎಸೆಯುತ್ತಿದ್ದನಂತೆ. ಅವನ ಭಾವ ಗುರುಪುತ್ರಪ್ಪ ತಲೆ ಚಚ್ಚಿಕೊಂಡು, "ಇಂವಾ ಸೀರಿ ನೇಯಾಕತ್ತಿಲ್ಲ, ಮೆರವಣಿಗಿ ಹೊಂಡಸ್ಯಾನ" ಎಂದು ತಾನೇ ಹೋಗಿ ಲಕ್ಷ್ಮಪ್ಪ ಮಾಸ್ತರರಿಗೆ ಒಪ್ಪಿಸಿದ್ದ.

ಇಬ್ಬರದೂ ಒಂದೇ ವಯಸ್ಸು, ಆದರೆ ಸ್ವಭಾವ ಮಾತ್ರ ಬೇರೆ. ಮದುವೆಗೆಂದು ಗೋಕಾಕಕ್ಕೋ ಸವದತ್ತಿಗೋ ಹೋದರೆ ಸಾತಪ್ಪ ಊಟ ಮುಗಿಸಿ ಚಪ್ಪರದ ಕೆಳಗೇ ಉರುಳುವವನು. ಉಳವಪ್ಪ ಕಾಲಿಗೆ ಚಕ್ರ ಕಟ್ಟಿಕೊಂಡು ಊರೆಲ್ಲ ತಿರುಗಿ ಬಂದು, ಅವನನ್ನು ಎಬ್ಬಿಸಿ ಕೂಡಿಸಿ ಎಲ್ಲವನ್ನೂ ಹೇಳುವವನು. ಬೆಳಗಾವಿಗೆ ಮರಳಿದ ಮೇಲೆ ಅದನ್ನೇ ಅಕ್ಕನಿಗೆ ಇನ್ನೊಮ್ಮೆ ಹೇಳುತ್ತಿದ್ದ. ಸಾವಂತ್ರವ್ವ ಕಂಡಿಕೆಗೆ ನೂಲು ಸುತ್ತುತ್ತ ಕೇಳುವಳು. ಹುಟ್ಟಿದ ಮನೆಯಿಂದ ಕೊಟ್ಟ ಮನೆಗೆ ಎರಡು ಓಣಿ ದಾಟಿದ್ದು ಬಿಟ್ಟರೆ ಅವಳು ಬೇರೆ ಊರು ಕಂಡವಳಲ್ಲ.

೧೯೨೪ರ ದೀಪಾವಳಿಗೆ ಮೊದಲು ಬೆಳಗಾವಿಗೆ ಒಂದು ಸರ್ಕಸ್ಸು ಬಂತು. ಅದರ ಮಾಲೀಕ ಕೃಷ್ಣಾಜಿರಾವ್ ಸಮುದ್ರದಾಚೆಯ ಊರುಗಳಿಗೆ ಹೊರಟಿದ್ದ. ಅವನಿಗೆ ಒಳ್ಳೆಯ ಬ್ಯಾಂಡು ಬೇಕಾಗಿತ್ತು. ಲಕ್ಷ್ಮಪ್ಪ ಮಾಸ್ತರರ ಹನ್ನೊಂದು ಮಂದಿಯನ್ನೂ ಎರಡು ವರ್ಷದ ಕರಾರಿನ ಮೇಲೆ ಕರೆದ. ಸಾತಪ್ಪ ಹೋಗುವುದೋ ಬೇಡವೋ ಎಂದು ಎಂಟು ದಿನ ಒದ್ದಾಡಿದ. ಉಳವಪ್ಪ ಕೇಳಿದ ಗಳಿಗೆಯಲ್ಲೇ ಹೂಂ ಅಂದ.

ಹೊರಡುವ ದಿನ ಸಾವಂತ್ರವ್ವ ಸ್ಟೇಶನ್ನಿಗೆ ಬುತ್ತಿ ತಂದಿದ್ದಳು. ಅದನ್ನು ತಮ್ಮನ ಕೈಗಿಟ್ಟಳು. ಸಾತಪ್ಪನ ಕಡೆ ತಿರುಗಿ, "ತಮ್ಮಾ, ಇಂವಾ ನೋಡ್ಕೋತ ಮೈಮ್ಯಾಲಿನ ಖಬರ ಮರೀತಾನ. ನೀ ಸ್ವಲ್ಪ ಲಕ್ಷ್ಯ ಇಡಪಾ" ಎಂದಳು.

"ಹೌದ್ರೀ ಅಕ್ಕಾರ, ಇಡ್ತೇನ್ರಿ" ಎಂದ ಸಾತಪ್ಪ.

ಮೊದಲು ಕೊಲಂಬೊ. ಸರ್ಕಸ್ಸು ಹೊಸ ಊರಿಗೆ ಬಂದಾಗ ಡೇರೆ ಎತ್ತಲು ಎರಡು ಮೂರು ದಿನ ಹಿಡಿಯುತ್ತಿತ್ತು. ಆ ದಿನಗಳಲ್ಲಿ ಬ್ಯಾಂಡಿನವರಿಗೆ ಕೆಲಸವಿಲ್ಲ. ಆಟ ಶುರುವಾದ ಮೇಲೆಯೂ ವಾರಕ್ಕೊಂದು ದಿನ ಬಿಡುವು. ಉಳಿದವರು ಬಟ್ಟೆ ಒಗೆಯುತ್ತಲೋ ಇಸ್ಪೀಟು ಆಡುತ್ತಲೋ ಇರುತ್ತಿದ್ದರು. ಉಳವಪ್ಪ ಬೆಳಗ್ಗೆಯೇ ಸಾತಪ್ಪನ ಹೊದಿಕೆ ಎಳೆಯುತ್ತಿದ್ದ.

"ಏಳೋ ಸಾತ್ಯಾ. ಮಲಗೂದು ಪಾರಿಶ್ವಾಡದಾಗೂ ಮಲಗಬೋದು."

ಸಮುದ್ರದ ದಂಡೆಯಲ್ಲಿ ಇಬ್ಬರೂ ಧೋತರ ಎತ್ತಿಕೊಂಡು ನಿಂತರು. ಉಳವಪ್ಪ ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿ ಉಗುಳಿ, "ಖರೇನ ಉಪ್ಪ ಐತಲೇ!" ಎಂದು ಕೂಗಿದ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇನ್ನೊಂದು ಬಿಡುವಿಗೆ ಮ್ಯೂಸಿಯಂಗೆ ಹೋದರು. ಅಲ್ಲಿ ತೂಗುಹಾಕಿದ ತಿಮಿಂಗಿಲದ ಎಲುಬುಗೂಡಿನ ಕೆಳಗೆ ಉಳವಪ್ಪ ಈ ತುದಿಯಿಂದ ಆ ತುದಿಗೆ ನಡೆದು ಹೆಜ್ಜೆ ಎಣಿಸಿದ. "ಅಕ್ಕನ ಮನಿ ಇದರ ಹೊಟ್ಟ್ಯಾಗ ಹಿಡೀತೈತಿ, ಮಗ್ಗ ಸೈತ" ಎಂದ. ಸಾತಪ್ಪ ನಕ್ಕ. ನಕ್ಕದ್ದೇ ತಡ, ಅವನಿಗೂ ಒಳಗೆ ಏನೋ ಸಡಿಲಾದಂತಾಯಿತು. ಪರದೇಶದ ಬೀದಿಯಲ್ಲಿ ಅವರಿಬ್ಬರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಯಾರ ಮೀಸೆಯ ಬಗ್ಗೆ, ಯಾರ ನಡಿಗೆಯ ಬಗ್ಗೆ ಬೇಕಾದರೂ ಗಟ್ಟಿಯಾಗಿ ಆಡಿಕೊಂಡು ಹೋಗಬಹುದಿತ್ತು. ಜೀವನದಲ್ಲಿ ಅಷ್ಟು ಹಗುರಾಗಿ ತಾನು ಎಂದೂ ನಡೆದಿರಲಿಲ್ಲ ಎಂದು ಸಾತಪ್ಪ ಮುಂದೆ ಹೇಳುತ್ತಿದ್ದ.

ಕೊಲಂಬೊದಿಂದ ಹಡಗಿನಲ್ಲಿ ರಂಗೂನು. ಅಲ್ಲಿ ಆನೆಗಳು ಸಾಗವಾನಿಯ ದಿಮ್ಮಿಗಳನ್ನು ದಂತದಿಂದ ಉರುಳಿಸಿ ಒಟ್ಟುವುದನ್ನು ಅರ್ಧ ದಿನ ನಿಂತು ನೋಡಿದರು. "ಇದರ ಮುಂದ ನಮ್ಮ ಖಾನಾಪುರದ ಕಟಗಿ ಅಡ್ಡೆ ಅಂದ್ರ ಒಲಿಗೆ ಹಾಕೂ ಪುಳ್ಳಿ" ಎಂದ ಸಾತಪ್ಪ. ಬಂಗಾರದ ದೊಡ್ಡ ಪಗೋಡಕ್ಕೆ ಬರಿಗಾಲಲ್ಲಿ ಮೆಟ್ಟಿಲು ಹತ್ತಿದರು. ಮೆಟ್ಟಿಲ ಎರಡೂ ಬದಿಗೆ ಹೂವಿನವರು, ಮೇಣದ ಬತ್ತಿಯವರು, ಕೈಗಾತ್ರದ ಚುಟ್ಟಾ ಸೇದುತ್ತ ಕೂತ ಮುದುಕಿಯರು. ಆದರೆ ಉಳವಪ್ಪ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ಒಂದು ರೇಷ್ಮೆಯ ಅಂಗಡಿಯಲ್ಲಿ. ನೀರಿನ ಅಲೆಯಂತೆ ಗೆರೆ ತೂಗುವ ಒಂದು ಬಟ್ಟೆ ಅಲ್ಲಿತ್ತು. ಅವನು ಅದರ ಮುಂಭಾಗ ಬಿಟ್ಟು ಹಿಂಭಾಗ ತಿರುವಿ ಬೆರಳಿನಿಂದ ಉಜ್ಜಿ ನೋಡಿದ. ಇದನ್ನು ನೂರು ಲಾಳಿ ಹಿಡಿದು ನೇಯುತ್ತಾರೆ ಎಂದು ಅಂಗಡಿಯಾಕೆ ಮುರುಕು ಹಿಂದಿಯಲ್ಲಿ, ಕೈಸನ್ನೆಯಲ್ಲಿ ತಿಳಿಸಿದಳು. ಉಳವಪ್ಪನ ಕಣ್ಣಲ್ಲಿ ನೀರು ಬಂತು. ನೇಯ್ಗೆ ಬಿಟ್ಟು ಓಡಿಬಂದವನಿಗೆ ಬಟ್ಟೆ ನೋಡಿ ಅಳು ಯಾಕೆಂದು ಸಾತಪ್ಪನಿಗೆ ತಿಳಿಯಲಿಲ್ಲ. ಅಂಗಡಿಯಾಕೆ ಅಂಗೈಯಗಲದ ಒಂದು ತುಂಡು ಕತ್ತರಿಸಿ ಅವನಿಗೆ ಹಾಗೇ ಕೊಟ್ಟಳು. ಕೊಲಂಬೊದಲ್ಲೂ ಅವನು ಇಂಥದೇ ಒಂದು ತುಂಡು ಸಂಪಾದಿಸಿ ಟ್ರಂಕಿನಲ್ಲಿಟ್ಟಿದ್ದ. "ಅಕ್ಕಗ ತೋರಸಾಕ. ಬಾಯಿಲೆ ಹೇಳಿದ್ರ ನಂಬೂದಿಲ್ಲ ಅಕಿ."

ರಂಗೂನು ಬಿಡುವ ಹೊತ್ತಿಗೆ ಇಬ್ಬರ ರೀತಿ ಅದಲುಬದಲಾಯಿತು. ಈಗ ಬೆಳಗ್ಗೆ ಮೊದಲು ಏಳುವವನು ಸಾತಪ್ಪ. ಬಿಡುವಿನ ದಿನ ಯಾವ ಕಡೆ ಹೋಗುವುದೆಂದು ನಾಲ್ಕು ದಿನ ಮೊದಲೇ ಮಾಸ್ತರರನ್ನೂ ಹಡಗಿನವರನ್ನೂ ಕೇಳಿಟ್ಟುಕೊಳ್ಳುತ್ತಿದ್ದ. ಹೀಗೆ ಕೇಳುವಾಗಲೇ ಹಡಗಿನ ಒಬ್ಬ ತಮಿಳ ಖಲಾಸಿ ಹೇಳಿದ: ಪೆನಾಂಗಿನಲ್ಲಿ ಒಂದು ಗುಡ್ಡವಿದೆ, ಅದಕ್ಕೆ ಈಚೆಗೆ ರೈಲು ಹಾಕಿದ್ದಾರೆ, ಹಗ್ಗದಿಂದ ಮೇಲಕ್ಕೆ ಎಳೆಯುತ್ತಾರೆ, ಮೇಲೆ ಹೋದರೆ ಮೋಡದೊಳಗೆ ನಿಲ್ಲಬಹುದು.

ಪೆನಾಂಗಿಗೆ ಇಳಿದದ್ದು ೧೯೨೫ರ ಅಕ್ಟೋಬರಿನಲ್ಲಿ. ಮಳೆ ಹಿಡಿದಿತ್ತು. ಹಡಗಿನಲ್ಲೇ ಉಳವಪ್ಪನಿಗೆ ಎರಡು ದಿನ ಜ್ವರ ಬಂದು ಇಳಿದಿತ್ತು. ಡೇರೆ ಎತ್ತುವ ಮೊದಲ ದಿನ ಅವನು ಚಾಪೆಯ ಮೇಲೇ ಕಳೆದ. ಎರಡನೆಯ ದಿನ ಬಿಸಿಲು ಬಿತ್ತು. ಸಾತಪ್ಪ ಅಂಗಿ ಹಾಕಿಕೊಂಡು ತಯಾರಾಗಿ ಬಂದು ನಿಂತ.

"ಇವತ್ತ ಬ್ಯಾಡೋ ಸಾತ್ಯಾ. ಮೈ ಮತ್ತ ಕಾಯ್ದಂಗ ಆಗೇತಿ."

"ನಾಳಿಂದ ಆಟ ಚಾಲೂ. ಮುಂದಿನ ಬಿಡುವಿಗೆ ಮಳಿ ಇರ್ತೈತೋ ಏನೋ."

"ನೀ ಹೋಗಿ ಬಾ. ಬಂದು ಹೇಳು."

"ನನಗ ಕಣ್ಣ ತೆರಸಿದಾಂವ ನೀನು. ಈಗ ನೀನ ಮುಸುಕ ಹೊದ್ದ ಮಲಗ್ತಿಯಾ? ಏಳ, ಹೆಂಗಸರಂಗ ನರಳಬ್ಯಾಡ."

ಉಳವಪ್ಪ ಎದ್ದ. ಎದ್ದು ಮುಖ ತೊಳೆದುಕೊಂಡು, ಟ್ರಂಕಿನಿಂದ ಒಗೆದ ಧೋತರ ತೆಗೆದು ಉಟ್ಟುಕೊಂಡ. ಅಷ್ಟು ಹೊತ್ತು ಸಾತಪ್ಪ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದ.

ಟ್ರಾಮಿನಲ್ಲಿ ಗುಡ್ಡದ ಬುಡಕ್ಕೆ ಹೋದರು. ರೈಲಿನ ಡಬ್ಬಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದು, ಓರೆಯಾಗಿ ಮರಗಳ ನಡುವೆ ಏರುತ್ತ ಹೋಯಿತು. ಅರ್ಧಕ್ಕೆ ಇಳಿದು ಇನ್ನೊಂದು ಡಬ್ಬಿಗೆ ಹತ್ತಬೇಕು. ಅಲ್ಲಿ ಉಳವಪ್ಪ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದನ್ನು ಸಾತಪ್ಪ ಕಂಡ. ಕಂಡರೂ, ಇಷ್ಟು ಬಂದ ಮೇಲೆ ಇನ್ನೇನು ಎಂದುಕೊಂಡ.

ಮೇಲೆ ತಂಪು ಗಾಳಿ. ಕೆಳಗೆ ಇಡೀ ಊರು ಹರವಿದಂತೆ ಕಾಣುತ್ತಿತ್ತು: ಕೆಂಪು ಹೆಂಚಿನ ಸಾಲು, ಬಂದರಿನಲ್ಲಿ ಬೆರಳುದ್ದದ ಹಡಗುಗಳು, ನಡುವೆ ಸಮುದ್ರ, ಆಚೆ ಮತ್ತೆ ನೆಲ, ಅದರಾಚೆ ನೀಲಿ ಬೆಟ್ಟ. ಬೆಳ್ಳಗಿನ ಒಂದು ಮೋಡ ಗುಡ್ಡದ ಪಕ್ಕೆಯಿಂದ ಏರಿ ಬಂದು ಅವರ ಕಾಲ ಮೇಲೆ ಹಾಯ್ದು ಹೋಯಿತು. ಉಳವಪ್ಪ ನಕ್ಕುಬಿಟ್ಟ. ಮೋಡವನ್ನು ಹಿಡಿಯಲು ಎರಡೂ ಕೈ ಚಾಚಿ, ಹಲ್ಲು ಕಟಕಟ ಎನ್ನುತ್ತಿದ್ದರೂ ನಕ್ಕ.

"ಸಾತ್ಯಾ, ಇದನ್ನ ಅಕ್ಕಗ ಹೆಂಗ ಹೇಳೂದೋ? ಇದರದ ತುಂಡು ಒಯ್ಯಾಕ ಬರಾಂಗಿಲ್ಲ."

ಹಿಂದೆಯೇ ಮಳೆ ಬಂತು. ಕೆಳಗಿಳಿಯುವ ಗಾಡಿಗೆ ಜನ ಕಿಕ್ಕಿರಿದಿದ್ದರು. ಎರಡು ಸರತಿ ಅವರಿಗೆ ಜಾಗ ಸಿಗಲಿಲ್ಲ. ಬಯಲಲ್ಲೇ ನಿಂತು ತೊಯ್ದರು. ಸಾತಪ್ಪ ತನ್ನ ಅಂಗಿ ಬಿಚ್ಚಿ ಅವನ ತಲೆಗೆ ಹೊದಿಸಿದ. ಆ ಅಂಗಿಯೂ ತೊಯ್ದಿತ್ತು.

ಮರುದಿನ ಬೆಳಗಾಗುವಷ್ಟರಲ್ಲಿ ಉಳವಪ್ಪನಿಗೆ ಎದ್ದು ಕೂಡಲಾಗಲಿಲ್ಲ. ಮಾಸ್ತರರು ಅವನನ್ನು ಆಸ್ಪತ್ರೆಗೆ ಸೇರಿಸಿದರು. ಎದೆಯಲ್ಲಿ ಕಫ ಕಟ್ಟಿದೆ ಎಂದರು ಡಾಕ್ಟರು. ಮಧ್ಯಾಹ್ನ ಒಂದು ತಾಸು ಮಾತ್ರ ನೋಡಲು ಬಿಡುತ್ತಿದ್ದರು. ಸಾತಪ್ಪ ಮೂರು ದಿನ ಹೋಗಿ ಹಾಸಿಗೆಯ ಬದಿಗೆ ಕೂತ. ಉಳವಪ್ಪನಿಗೆ ಒಮ್ಮೆ ಗುರುತು ಸಿಗುತ್ತಿತ್ತು, ಒಮ್ಮೆ ಇಲ್ಲ. ನಾಲ್ಕನೆಯ ದಿನ ಹೋದಾಗ ಆ ಹಾಸಿಗೆಯ ಮೇಲೆ ಒಬ್ಬ ಚೀನೀ ಮುದುಕ ಮಲಗಿದ್ದ. ಸಾತಪ್ಪ ತಪ್ಪು ಕೋಣೆಗೆ ಬಂದೆನೆಂದು ಹೊರಗೆ ಹೋಗಿ, ಬಾಗಿಲು ನೋಡಿ, ಮತ್ತೆ ಒಳಗೆ ಬಂದ.

ಸುಡುವುದಕ್ಕೆ ಆಸ್ಪತ್ರೆಯವರು ಏರ್ಪಾಡು ಮಾಡುತ್ತಿದ್ದರು. ಸಾತಪ್ಪ ಅಡ್ಡ ನಿಂತ. "ಅಂವಾ ಲಿಂಗಾಯತರಾಂವರೀ ಮಾಸ್ತರ್ರ. ಸುಡಬಾರದು. ಕುಂದರಿಸಿ ಮಣ್ಣು ಕೊಡಬೇಕು" ಎಂದು ಅದೊಂದನ್ನೇ ಮತ್ತೆ ಮತ್ತೆ ಹೇಳಿದ. ಮಾಸ್ತರರು ಓಡಾಡಿ ತಮಿಳರ ರುದ್ರಭೂಮಿಯಲ್ಲಿ ಜಾಗ ಕೇಳಿ ಪಡೆದರು. ಡೇರೆ ಎತ್ತುವ ನಾಲ್ಕು ಜನರ ಜೊತೆ ಸಾತಪ್ಪನೂ ಗುದ್ದಲಿ ಹಿಡಿದು ಅಗೆದ. ಚೆಟ್ಟಿಯಾರರ ಗುಡಿಯಿಂದ ವಿಭೂತಿ ತಂದರು. ಕೊರಳಲ್ಲಿದ್ದ ಲಿಂಗವನ್ನು ಬಿಚ್ಚಿ ಅವನ ಎಡಗೈಯಲ್ಲಿ ಇಟ್ಟವನು ಸಾತಪ್ಪನೇ. ಅದಕ್ಕೆ ಹೇಳಬೇಕಾದ ಮಂತ್ರ ಅಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಕರಾರು ಇನ್ನೂ ಒಂದು ವರ್ಷವಿತ್ತು. ಸರ್ಕಸ್ಸು ಸಿಂಗಾಪುರಕ್ಕೆ ಹೋಯಿತು, ಅಲ್ಲಿಂದ ಇನ್ನೂ ಮುಂದಕ್ಕೆ. ಸಾತಪ್ಪ ಆಟದ ಹೊತ್ತಿಗೆ ಕ್ಲಾರಿನೆಟ್ ಊದಿದ. ಬಿಡುವಿನ ದಿನಗಳಲ್ಲಿ ಡೇರೆಯ ಹಿಂದೆ ಕುದುರೆಗಳ ಹತ್ತಿರ ಕೂತಿರುತ್ತಿದ್ದ. ಹುಲ್ಲು ಹಾಕುವವರ ಕೈಯಿಂದ ಹುಲ್ಲು ಇಸಿದುಕೊಂಡು ತಾನೇ ಹಾಕುತ್ತಿದ್ದ. ಸಿಂಗಾಪುರದಲ್ಲಿ ಅವನು ನೋಡಿದ್ದು ಆ ಮೈದಾನ ಒಂದೇ.

೧೯೨೬ರ ಕೊನೆಗೆ ಮರಳಿ ಬಂದರು. ರೈಲಿಗೆ ಬೆಳಗಾವಿಗಿಂತ ಮೊದಲು ಖಾನಾಪುರ ಸಿಗುತ್ತದೆ. ಸಾತಪ್ಪ ಅಲ್ಲಿಯೇ ಇಳಿದುಬಿಟ್ಟ. "ನಾಕ ದಿನ ಅವ್ವನ ಕಡೆ ಇದ್ದು ಬರ್ತೇನ್ರಿ" ಎಂದು ಮಾಸ್ತರರಿಗೆ ಹೇಳಿದ. ನಾಲ್ಕು ದಿನ ಎರಡು ತಿಂಗಳಾಯಿತು. ರೈಲಿನಿಂದ ಇಳಿಯುವ ಮೊದಲು, ಉಳವಪ್ಪನ ಟ್ರಂಕನ್ನು ವಡಗಾವಿಗೆ ಮುಟ್ಟಿಸಲೆಂದು ಮಾಸ್ತರರಿಗೆ ಒಪ್ಪಿಸುವಾಗ, ಬಟ್ಟೆಯ ತುಂಡುಗಳನ್ನು ಮಾತ್ರ ತಾನೇ ಕೊಡುತ್ತೇನೆಂದು ತೆಗೆದು ಇಟ್ಟುಕೊಂಡಿದ್ದ. ಅವು ಅವನ ಗಂಟಿನಲ್ಲೇ ಉಳಿದವು. ತಾಯಿ ಕಾಡವ್ವ ಮಗ ಮಾತು ಬಿಟ್ಟದ್ದನ್ನು ಕಂಡು ಯಾವ ದೆವ್ವ ಹೊಕ್ಕಿತೋ ಎಂದು ದಾರ ಕಟ್ಟಿಸಿದಳು.

ಕಡೆಗೆ ಸಾವಂತ್ರವ್ವನೇ ಬಂದಳು. ಸಾವಿನ ಸುದ್ದಿ ಅವಳಿಗೆ ಒಂದು ವರ್ಷದ ಹಿಂದೆಯೇ ಮಾಸ್ತರರ ಕಾಗದದಿಂದ ತಿಳಿದಿತ್ತು. ಗಂಡನ ಜೊತೆ ರೈಲು ಹತ್ತಿ ಖಾನಾಪುರಕ್ಕೆ ಬಂದು, ಸಂತೆಯಿಂದ ಮರಳುವ ಚಕ್ಕಡಿಯಲ್ಲಿ ಪಾರಿಶ್ವಾಡ ಮುಟ್ಟಿದ್ದಳು. ಅವಳ ಜೀವನದಲ್ಲಿ ಅದೇ ಮೊದಲ ಪ್ರಯಾಣ. ಕಾಡವ್ವ ಕೊಟ್ಟ ನೀರು ಕುಡಿದು, ಕಂಬಳಿಯ ಮೇಲೆ ಕೂತು, ಸೆರಗು ಸರಿಪಡಿಸಿಕೊಂಡು ಕೇಳಿದಳು:

"ಹೆಂಗ ಸತ್ತಾ ಅನ್ನೂದು ಕಾಗದದಾಗ ಬರದಾರ. ಏನೇನ ನೋಡಿದಾ ಅನ್ನೂದ ಬರದಿಲ್ಲ. ಅದನ್ನ ಹೇಳು."

ಸಾತಪ್ಪ ಹೇಳಿದ. ಉಪ್ಪುನೀರಿನಿಂದ ಹಿಡಿದು ತಿಮಿಂಗಿಲ, ಆನೆ, ಬಂಗಾರದ ಪಗೋಡ ಎಲ್ಲವನ್ನೂ ಹೇಳಿದ. ಉಳವಪ್ಪ ಆಡಿದ ಮಾತುಗಳನ್ನು ಅವನ ಧಾಟಿಯಲ್ಲೇ ಹೇಳಿದಾಗ ಅವಳು ಎರಡು ಸಲ ನಕ್ಕಳು. ಬಟ್ಟೆಯ ತುಂಡುಗಳನ್ನು ಕೊಟ್ಟಾಗ ರಂಗೂನಿನದನ್ನು ತಿರುವಿ ಹಿಂಭಾಗವನ್ನು ಉಜ್ಜಿ ನೋಡಿದಳು. ಸಾತಪ್ಪ ಮುಖ ಬೇರೆ ಕಡೆ ಮಾಡಿದ.

"ಆಮ್ಯಾಲ?" ಎಂದಳು. "ಆ ಕಡೀ ಊರಾಗ?"

"ಅಲ್ಲಿ ಏನೂ ನೋಡ್ಲಿಲ್ಲರೀ ಅಕ್ಕಾರ. ಬಂದ ದಿನದಿಂದ ಜ್ವರ. ಹಾಸಿಗಿ ಬಿಟ್ಟ ಏಳಲಿಲ್ಲ."

ಸಾವಂತ್ರವ್ವ ಆಗ ಅತ್ತಳು. ಅಲ್ಲಿಯವರೆಗೆ ಅತ್ತಿರಲಿಲ್ಲ. "ಅಷ್ಟ ದೂರ ಹೋಗಿ, ಏನೂ ನೋಡದ, ನಾಕ ಗ್ವಾಡಿ ನೋಡಕೋತ ಸತ್ತನಲ್ಲೋ ನನ್ನ ತಮ್ಮ" ಎಂದು ಎದೆ ಹಿಡಿದುಕೊಂಡಳು. ಗುರುಪುತ್ರಪ್ಪ ಅವಳನ್ನು ಎಬ್ಬಿಸಿ ಚಕ್ಕಡಿಗೆ ಕೂಡಿಸಬೇಕಾಯಿತು.

ಆ ಮಾತು ಸಾತಪ್ಪನನ್ನು ಬಿಡಲಿಲ್ಲ. ತಾನು ಮುಚ್ಚಿಟ್ಟದ್ದು ತನ್ನ ತಪ್ಪನ್ನು ಮಾತ್ರ ಎಂದು ಅವನು ತಿಳಿದಿದ್ದ. ಆದರೆ ಉಳವಪ್ಪ ಮೋಡ ಹಿಡಿಯಲು ಕೈ ಚಾಚಿ ನಕ್ಕದ್ದನ್ನೂ ಅದರ ಜೊತೆಗೇ ಮುಚ್ಚಿಟ್ಟಿದ್ದ. ಆ ನಗು ತನ್ನದಲ್ಲ, ಸಾವಂತ್ರವ್ವನಿಗೆ ಸೇರಿದ್ದು. ಒಂದು ವಾರ ತಡೆದ. ಆಮೇಲೆ ಬೆಳಗಿನ ರೈಲಿಗೆ ಬೆಳಗಾವಿಗೆ ಹೋಗಿ ವಡಗಾವಿಯ ಓಣಿ ಹಿಡಿದ. ಎಲ್ಲ ಮನೆಗಳಲ್ಲೂ ಮಗ್ಗಗಳು ಖಟಖಟ ಎನ್ನುತ್ತಿದ್ದವು. ಸಾವಂತ್ರವ್ವ ಕಂಡಿಕೆ ಸುತ್ತುತ್ತಿದ್ದಳು. ಅವನನ್ನು ಕಂಡು "ಬಾ ತಮ್ಮಾ, ಕುಂದರು" ಎಂದಳು. ಅವನು ಕೂಡಲಿಲ್ಲ. ಬಾಗಿಲ ಕಂಬ ಹಿಡಿದು ನಿಂತೇ ಎಲ್ಲ ಹೇಳಿದ. ಉಳವಪ್ಪ ಬೇಡ ಅಂದದ್ದು, ತಾನು ಹೆಂಗಸರಂತೆ ನರಳಬೇಡ ಅಂದದ್ದು, ಅರ್ಧಕ್ಕೆ ಅವನು ಕಣ್ಣು ಮುಚ್ಚಿ ಒರಗಿದ್ದನ್ನು ಕಂಡೂ ಮುಂದೆ ಒಯ್ದದ್ದು, ಮಳೆ. ಯಾವುದನ್ನೂ ಬಿಡಲಿಲ್ಲ.

ಅವಳ ಕೈ ನಿಂತಿತ್ತು. ಕಂಡಿಕೆಯನ್ನು ಬದಿಗಿಟ್ಟು ಕೇಳಿದಳು:

"ಮ್ಯಾಲ ಹೋದಾಗ ನಕ್ಕನಾ?"

"ನಕ್ಕಾರಿ. ಮ್ವಾಡ ಹಿಡ್ಯಾಕ ಹೋದಾ. ಇದನ್ನ ಅಕ್ಕಗ ಹೆಂಗ ಹೇಳೂದು, ಇದರದ ತುಂಡು ಒಯ್ಯಾಕ ಬರಾಂಗಿಲ್ಲ ಅಂದಾ."

"ಸಮುದ್ರ ಕಾಣತಿತ್ತಾ?"

"ಕಾಣತಿತ್ತರಿ. ಆಚಿ ದಂಡಿನೂ ಕಾಣತಿತ್ತು."

ಸಾವಂತ್ರವ್ವ ಆ ಗುಡ್ಡವನ್ನು ಅವನ ಬಾಯಿಂದ ಇನ್ನೊಮ್ಮೆ ಹೇಳಿಸಿದಳು. ಹೆಂಚು ಯಾವ ಬಣ್ಣ, ಹಡಗು ಎಷ್ಟು ಸಣ್ಣಗೆ ಕಾಣುತ್ತಿದ್ದವು, ಮೋಡ ಮೈಗೆ ತಾಗಿದರೆ ಹೇಗಿರುತ್ತದೆ, ಎಲ್ಲವನ್ನೂ ಕೇಳಿಕೊಂಡಳು. ಕೇಳುವುದು ಮುಗಿದ ಮೇಲೆ ಎದ್ದು ನಿಂತಳು.

"ಹೇಳಿದಿ, ಚಲೋ ಆತು. ಇನ್ನ ನೀ ಈ ಮನಿಗೆ ಬರಬ್ಯಾಡ. ನಿನ್ನ ಮಾರಿ ನೋಡಿದ್ರ ನನಗ ಆ ಮಳೀನ ಕಾಣತೈತಿ."

"ಹೌದ್ರಿ" ಎಂದು ಸಾತಪ್ಪ ಹೊರಬಿದ್ದ.

ಅವನು ಪಾರಿಶ್ವಾಡಕ್ಕೆ ಮರಳಲಿಲ್ಲ. ಮಾಸ್ತರರ ಬ್ಯಾಂಡಿಗೇ ಮತ್ತೆ ಸೇರಿಕೊಂಡ. ಹಿಂದವಾಡಿಯ ಕಡೆ ಒಂದು ಸಣ್ಣ ಕೋಣೆ ಹಿಡಿದ. ವಡಗಾವಿಯಲ್ಲಿ ಮದುವೆ ಇದ್ದರೆ, ಮೆರವಣಿಗೆ ಆ ಓಣಿಗೆ ತಿರುಗುವ ಮೊದಲು ಕ್ಲಾರಿನೆಟ್ಟನ್ನು ಪಕ್ಕದವನ ಕೈಗೆ ಕೊಟ್ಟು ಹಿಂದೆ ಉಳಿಯುತ್ತಿದ್ದ. ಮಾಸ್ತರರು ಕಾರಣ ಕೇಳಲಿಲ್ಲ. ಬೇರೆ ಊರಿಗೆ ಮದುವೆಗೆ ಹೋದಾಗ ಊಟ ಮುಗಿಸಿ ಚಪ್ಪರದಲ್ಲೇ ಇರುತ್ತಿದ್ದ. ಮೊದಲಿನಂತೆ ನಿದ್ದೆ ಮಾತ್ರ ಬರುತ್ತಿರಲಿಲ್ಲ. ಕಾಡವ್ವ ಎರಡು ಕಡೆ ಹೆಣ್ಣು ನೋಡಿದಳು. ಅವನು ಒಲ್ಲೆ ಎಂದ. ಹೀಗೆ ಎರಡು ವರ್ಷ ದಾಟಿದವು.

೧೯೨೯ರ ಬೇಸಿಗೆಯಲ್ಲಿ ಗುರುಪುತ್ರಪ್ಪ ಬ್ಯಾಂಡಿನ ಅಂಗಡಿಗೆ ಬಂದ. ಹಿರಿಯ ಮಗಳು ಕಾಂತಾಳ ಮದುವೆ. ಮಾಸ್ತರರ ಜೊತೆ ದಿನ, ಹೊತ್ತು ಎಲ್ಲ ಮಾತಾಡಿ ಮುಗಿಸಿ, ಹೋಗುವಾಗ ಸಾತಪ್ಪನ ಹತ್ತಿರ ನಿಂತ.

"ನೀನೂ ಬರಬೇಕಂತ."

"ಯಾರ ಅಂದ್ರು?"

"ಅಕೀನ ಅಂದಾಳ. ನನಗ ಮತ್ತೇನ ಕೇಳಬ್ಯಾಡ."

ಸಾತಪ್ಪ ಹೋದ. ಓಣಿಯ ತಿರುವಿನಲ್ಲಿ ಕಾಲು ತಡೆಯಿತು. ಹಿಂದಿದ್ದವರು ನೂಕಿದ್ದಕ್ಕೆ ಮುಂದೆ ನಡೆದ. ಉಳವಪ್ಪನ ಜಾಗದಲ್ಲಿ ಬೇರೆ ಯಾರೋ ಡ್ರಮ್ಮು ಬಾರಿಸುತ್ತಿದ್ದ. ಸಾವಂತ್ರವ್ವ ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ತಲೆ ಅರ್ಧ ಬೆಳ್ಳಗಾಗಿತ್ತು. ಅವನ ಕಡೆ ನೋಡಲಿಲ್ಲ. ಅಕ್ಕಿಕಾಳು ಬಿದ್ದವು, ಬ್ಯಾಂಡು ಬಾರಿಸಿತು, ಮದುವೆ ಆಯಿತು. ಬ್ಯಾಂಡಿನವರಿಗೆ ಹಿತ್ತಲಲ್ಲಿ ಎಲೆ ಹಾಕಿದ್ದರು. ಸಾತಪ್ಪ ಕ್ಲಾರಿನೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಮೆಲ್ಲಗೆ ಹೊರಗೆ ಹೊರಟಿದ್ದ. ಹೋಳಿಗೆಯ ಬುಟ್ಟಿ ಹಿಡಿದು ಬರುತ್ತಿದ್ದ ಸಾವಂತ್ರವ್ವ ಎದುರಾದಳು.

"ಎಲ್ಲಿ ಹೊಂಟಿ? ಎಲ್ಲಾರೂ ಕುಂತಾರ. ನೀನೂ ಕುಂದರು."

ಅಷ್ಟೇ ಮಾತು. ಅವನು ಸಾಲಿನ ಕೊನೆಗೆ ಕೂತ. ಅವಳು ಉಳಿದವರಿಗೆ ಬಡಿಸಿದಂತೆಯೇ ಅವನ ಎಲೆಗೂ ಎರಡು ಹೋಳಿಗೆ ಹಾಕಿ, ತುಪ್ಪ ಬಿಟ್ಟು, ಮುಂದೆ ಹೋದಳು. ಸಾತಪ್ಪ ಬಹಳ ಹೊತ್ತು ಎಲೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ಪಕ್ಕದವನು "ಉಣ್ಣೋ, ಆರತೈತಿ" ಎಂದ ಮೇಲೆ ಉಂಡ.